ಮಹಾಪ್ರಬಂಧವೂ ತೊಟ್ಟಿಲೂ

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಕನ್ನಡ ನಾಡಿನ ಹಳೆಯ ವಾಡಿಕೆ. ಸೀಮಂತ ಮುಗಿಸಿ ಮಗಳನ್ನು ಕರೆದೊಯ್ದರೆ, ಮಗುವಿಗೆ ಮೂರೋ ಐದೋ ತಿಂಗಳು ತುಂಬುವವರೆಗೆ ಅವಳ ಎಣ್ಣೆನೀರು, ಪಥ್ಯ, ನಿದ್ರೆ ಎಲ್ಲವೂ ತಾಯಿಯ ಹೊಣೆ. ತೆಲುಗರಲ್ಲಿಯೂ ಇದೇ ರೂಢಿಯುಂಟು. ತವರನ್ನು ಅವರು ‘ಪುಟ್ಟಿಲ್ಲು’ ಎನ್ನುತ್ತಾರೆ, ಎಂದರೆ ಹುಟ್ಟಿದ ಮನೆ. ಈ ಏರ್ಪಾಡಿನಲ್ಲಿ ಬಹಳ ವಿವೇಕವಿತ್ತು. ಆದರೆ ಅದರ ಹಿಂದೆ ಒಂದು ಊಹೆಯೂ ಇತ್ತು. ಹೆಣ್ಣಿಗೆ ಗಂಡನ ಮನೆ, ತವರುಮನೆ ಎಂಬ ಎರಡೇ ನೆಲೆಗಳು. ಮೂರನೆಯ ಸ್ಥಳದಲ್ಲಿ ಅವಳಿಗಾಗಿ ಯಾವ ಕೆಲಸವೂ ಕಾದಿರುವುದಿಲ್ಲ ಎಂಬುದೇ ಆ ಊಹೆ.

ಇಂದು ಆ ಮೂರನೆಯ ನೆಲೆ ಬಂದಿದೆ. ವಿಶಾಖಪಟ್ಟಣದ ಪ್ರಯೋಗಾಲಯದಲ್ಲಿ ಅರ್ಧಕ್ಕೆ ನಿಂತ ಪ್ರಯೋಗ, ವಿಜಯವಾಡದ ಕಾಲೇಜಿನಲ್ಲಿ ಮುಗಿಯದ ಪಾಠ, ಮಾರ್ಗದರ್ಶಕರ ಮೇಜಿನ ಮೇಲೆ ತಿದ್ದುಪಡಿಗೆ ಕಾದಿರುವ ಅಧ್ಯಾಯ ಇವೂ ಅವಳ ಬರವನ್ನು ಎದುರು ನೋಡುತ್ತಿರುತ್ತವೆ. ತವರು ಮಾತ್ರ ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಉಳಿದಿದೆ. ಈ ಮೂರು ನೆಲೆಗಳ ನಡುವೆ ಮಗುವಿಗೆ ಜಾಗ ಹೇಗೆ ಮಾಡಬೇಕೆಂಬುದು ಪರಸ್ಥಳದ ಅನೇಕ ಕನ್ನಡ ಕುಟುಂಬಗಳ ಮುಂದಿರುವ ಪ್ರಶ್ನೆ.

ಎರಡು ಊರು, ಎರಡು ಗಡಿಯಾರ

ಈ ಎರಡು ಊರುಗಳಿಗೂ ವಿದ್ಯೆಗೂ ಇರುವ ನಂಟು ಹಳೆಯದು. ಅದರಲ್ಲಿ ಕನ್ನಡ ನಾಡಿನ ಪಾಲೂ ಇದೆ. ಆಂಧ್ರ ವಿಶ್ವವಿದ್ಯಾನಿಲಯ 1926ರಲ್ಲಿ ಆರಂಭವಾದದ್ದು ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ. ವಾಲ್ಟೇರಿಗೆ ಬಂದದ್ದು 1930ರಲ್ಲಿ. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಅದಕ್ಕೆ ಮುನ್ನ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿಯೂ ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿಯೂ ಸೇವೆ ಸಲ್ಲಿಸಿದವರು. ಅವರ ನಂತರ 1931ರಲ್ಲಿ ಕುಲಪತಿಗಳಾದ ಸರ್ವಪಲ್ಲಿ ರಾಧಾಕೃಷ್ಣನ್ ಅವರೂ 1918ರಿಂದ 1921ರವರೆಗೆ ಅದೇ ಮಹಾರಾಜಾ ಕಾಲೇಜಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು.

ಪತಿಗೆ ವಿಶಾಖಪಟ್ಟಣದ ಬಂದರಿನಲ್ಲೋ ಉಕ್ಕಿನ ಕಾರ್ಖಾನೆಯಲ್ಲೋ ಕೆಲಸ, ಪತ್ನಿಗೆ ವಿಜಯವಾಡದ ಕಾಲೇಜಿನಲ್ಲಿ ಪಾಠ. ನಡುವೆ ಸುಮಾರು 350 ಕಿಲೋಮೀಟರ್ ರೈಲು ದಾರಿ. ಇಂಥ ಸಂಸಾರಗಳು ಅಪರೂಪವಲ್ಲ. ಶನಿವಾರ ಬಂದು ಸೋಮವಾರ ಹೊರಡುವ ಈ ದಂಪತಿಗಳನ್ನು ಊರಿನ ಹಿರಿಯರು ದೂರವಾಣಿಯಲ್ಲಿ “ಏನಮ್ಮಾ, ವಿಶೇಷವೇನಾದರೂ ಇದೆಯೇ?” ಎಂದು ಕೇಳುತ್ತಾರೆ. ಪ್ರಶ್ನೆ ಪ್ರೀತಿಯದೇ. ಆದರೆ ಉತ್ತರ ಹೇಳಬೇಕಾದವಳು ಒಂದೇ ವೇಳೆಗೆ ಎರಡು ಗಡಿಯಾರಗಳನ್ನು ನೋಡುತ್ತಿರುತ್ತಾಳೆ.

ಮೊದಲನೆಯದು ವಿಶ್ವವಿದ್ಯಾನಿಲಯದ ಗಡಿಯಾರ. ಸ್ನಾತಕೋತ್ತರ ಪದವಿ ಮುಗಿಯುವಾಗ ವಯಸ್ಸು 22 ಅಥವಾ 23. ಕಿರಿಯ ಸಂಶೋಧನಾ ವೇತನಕ್ಕೆ ಸಾಮಾನ್ಯ ವಯೋಮಿತಿ 30. ಮಹಿಳೆಯರಿಗೆ ಐದು ವರ್ಷಗಳ ಸಡಿಲಿಕೆಯುಂಟು. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯ ಗರಿಷ್ಠ ಆರು ವರ್ಷ. ಅನಂತರ ಗುತ್ತಿಗೆಯ ಮೇಲೆ ಪಾಠ, ಸಂದರ್ಶನಗಳು, ನೇಮಕಕ್ಕಾಗಿ ಕಾಯುವಿಕೆ. ಕಾಯಂ ಹುದ್ದೆ ದೊರೆಯುವ ಹೊತ್ತಿಗೆ 33 ದಾಟಿದರೆ ಆಶ್ಚರ್ಯವಿಲ್ಲ.

ಎರಡನೆಯದು ಶರೀರದ ಗಡಿಯಾರ. ಗರ್ಭಧಾರಣೆಯ ಶಕ್ತಿ ಮೂವತ್ತರ ನಂತರ ಮೆಲ್ಲಗೆ, 35ರ ನಂತರ ಬೇಗಬೇಗನೆ ಕುಂದುತ್ತದೆ. ರಕ್ತದೊತ್ತಡ, ಗರ್ಭಿಣಿಯರಲ್ಲಿ ತಲೆದೋರುವ ಸಕ್ಕರೆ ಕಾಯಿಲೆ, ಗರ್ಭಪಾತ ಇವುಗಳ ಸಂಭವವೂ ಆ ವಯಸ್ಸಿನಲ್ಲಿ ಹೆಚ್ಚು. ಹಾಗೆಂದು 35 ಎಂಬುದು ಮುಚ್ಚಿದ ಬಾಗಿಲಲ್ಲ. ಸರಿಯಾದ ವೈದ್ಯಕೀಯ ನಿಗಾ ಇದ್ದಲ್ಲಿ ಆ ನಂತರವೂ ಆರೋಗ್ಯವಂತ ಮಕ್ಕಳು ಹುಟ್ಟುತ್ತಾರೆ. ಆದರೆ ಎರಡು ಗಡಿಯಾರಗಳೂ ಒಂದೇ ದಶಕದಲ್ಲಿ ಗಂಟೆ ಹೊಡೆಯುತ್ತವೆ ಎಂಬ ಸಂಗತಿಯನ್ನು ಪತಿಪತ್ನಿಯರಿಬ್ಬರೂ ಮೊದಲೇ ಕುಳಿತು ಮಾತನಾಡುವುದು ಒಳಿತು. ಮಾತನಾಡದೆ ಬಿಟ್ಟರೆ ಆ ಭಾರವೆಲ್ಲ ತಾನಾಗಿಯೇ ಹೆಣ್ಣಿನ ಪಾಲಿಗೆ ಬೀಳುತ್ತದೆ.

ದಾರಿ ನಡೆದವರು

ಈ ದಾರಿಯಲ್ಲಿ ಹಿಂದೆಯೇ ನಡೆದವರಿದ್ದಾರೆ. 1922ರಲ್ಲಿ ಹುಟ್ಟಿದ ಕನ್ನಡತಿ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯ ಬೋಧಕ ವರ್ಗವನ್ನು ಸೇರಿದರು. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ವಿವಾಹವಾಯಿತು. ದಂಪತಿಗಳಿಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದರು. ರಾಜೇಶ್ವರಿಯವರು ಇಪ್ಪತ್ತು ಮಂದಿಯ ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡಿದರು, ವಿಭಾಗದ ಮುಖ್ಯಸ್ಥೆಯೂ ಆದರು. ಅವರ ಮಗಳು ಇಂದಿರಾ ಚಟರ್ಜಿ ಅಮೆರಿಕದ ನೆವಾಡಾ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.

ಗಣಿತಜ್ಞೆ ಮಂಗಳಾ ನಾರ್ಳೀಕರ್ ಅವರದು ಬೇರೆ ಬಗೆಯ ದಾರಿ. 1964ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಿಂದ ಎಂ.ಎ. ಪಡೆದ ಅವರು ವಿವಾಹ, ವಿದೇಶವಾಸ, ಮೂವರು ಹೆಣ್ಣುಮಕ್ಕಳ ಪಾಲನೆ ಇವುಗಳ ನಡುವೆ ಗಣಿತವನ್ನು ಕೈಬಿಡದೆ 1981ರಲ್ಲಿ ಪಿಎಚ್.ಡಿ. ಪದವಿ ಪಡೆದರು. ಎರಡು ಪದವಿಗಳ ನಡುವಣ ಅಂತರ ಹದಿನೇಳು ವರ್ಷ.

ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರನ್ನು ಕನ್ನಡದ ಓದುಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ರೋಗಿಗಳು, ಕಾದಂಬರಿಗಳು, ಇಬ್ಬರು ಹೆಣ್ಣುಮಕ್ಕಳು ಎಲ್ಲವನ್ನೂ ಅವರು ನಿರ್ವಹಿಸಿದರು. ಅವರ ‘ತಾಯಿ ಮಗು’ ಪುಸ್ತಕ ಎಷ್ಟೋ ಕನ್ನಡ ಮನೆಗಳಲ್ಲಿ ಚೊಚ್ಚಲ ಗರ್ಭಿಣಿಯ ಕೈಗೆ ಬಂದ ಮೊದಲ ವೈದ್ಯಕೀಯ ಪುಸ್ತಕ.

ಮೂವರ ದಾರಿಯೂ ಒಂದರಂತೆ ಒಂದಿಲ್ಲ. ಒಬ್ಬರು ಮೊದಲು ಪದವಿ ಪಡೆದು ಅನಂತರ ತಾಯಿಯಾದರು. ಒಬ್ಬರು ಮಕ್ಕಳು ಬೆಳೆಯುತ್ತಿದ್ದಂತೆ ಪದವಿ ಪಡೆದರು. ಒಬ್ಬರು ವೃತ್ತಿ, ಬರವಣಿಗೆ, ಸಂಸಾರ ಮೂರನ್ನೂ ಜೊತೆಯಲ್ಲಿಯೇ ನಡೆಸಿದರು. ಸರಿಯಾದ ಕ್ರಮ ಒಂದೇ ಎಂದು ಹಟ ಹಿಡಿಯಬೇಕಾಗಿಲ್ಲ ಎಂಬ ಸಮಾಧಾನ ಇವರ ಬಾಳಿನಿಂದ ದೊರೆಯುತ್ತದೆ. ಆದರೆ ಇವರೆಲ್ಲರೂ ಅಸಾಮಾನ್ಯರು. ಸಾಮಾನ್ಯ ಅಧ್ಯಾಪಕಿಗೆ ಅಸಾಮಾನ್ಯ ಶಕ್ತಿಗಿಂತ ಮುಂಚಿತವಾದ ಸಿದ್ಧತೆಯೇ ಹೆಚ್ಚು ಉಪಕಾರಿ.

ಗರ್ಭಕ್ಕೆ ಮುಂಚಿನ ಸಿದ್ಧತೆ

ಮಗುವಿನ ಮಿದುಳು ಮತ್ತು ಬೆನ್ನುಹುರಿಯ ಮೂಲವಾದ ನರನಾಳ ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ವೇಳೆ ಗರ್ಭಿಣಿಯೆಂದು ತಿಳಿಯುವ ಮೊದಲೇ ಆ ಘಟ್ಟ ಮುಗಿದಿರುತ್ತದೆ. ಆದ್ದರಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮುಂಚಿನಿಂದ ಮೂರು ತಿಂಗಳು ತುಂಬುವವರೆಗೆ ಸೇವಿಸಬೇಕೆಂದು ವೈದ್ಯರು ಹೇಳುತ್ತಾರೆ.

ರಕ್ತಹೀನತೆಯ ಪರೀಕ್ಷೆಯೂ ಮುಂಚೆಯೇ ಆಗಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಸ್ತ್ರೀಯರಲ್ಲಿ ರಕ್ತಹೀನತೆಯುಳ್ಳವರು ಆಂಧ್ರಪ್ರದೇಶದಲ್ಲಿ ಶೇಕಡ 58.8, ಕರ್ನಾಟಕದಲ್ಲಿ ಶೇಕಡ 47.8. ಓದಿದವರ ಮನೆಗೆ ಇದು ಬರುವುದಿಲ್ಲವೆಂದು ಭಾವಿಸಬಾರದು. ಬೆಳಗಿನ ಉಪಾಹಾರ ಬಿಟ್ಟು ತರಗತಿಗೆ ಓಡುವುದು, ಊಟದ ಜೊತೆಗೇ ಚಹಾ ಕುಡಿಯುವುದು ವಿದ್ಯಾವಂತರ ಅಭ್ಯಾಸಗಳೇ. ಚಹಾ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ನಿಂಬೆಹಣ್ಣು, ನೆಲ್ಲಿಕಾಯಿ ಅದಕ್ಕೆ ಸಹಾಯ ಮಾಡುತ್ತವೆ. ಇದರೊಡನೆ ಥೈರಾಯ್ಡ್, ಸಕ್ಕರೆ, ರಕ್ತದೊತ್ತಡ, ರಕ್ತದ ಗುಂಪು ಇವನ್ನೂ ನೋಡಿಸಬೇಕು. ರುಬೆಲ್ಲಾ ಲಸಿಕೆ ಹಾಕಿಸಿಕೊಂಡರೆ ಒಂದು ತಿಂಗಳು ಬಿಟ್ಟು ಗರ್ಭಧಾರಣೆಯ ಯೋಚನೆ ಮಾಡಬೇಕು.

ರಸಾಯನಶಾಸ್ತ್ರದ ದ್ರಾವಕಗಳು, ಎಕ್ಸ್‌-ಕಿರಣ, ವಿಕಿರಣ ವಸ್ತುಗಳು ಇವುಗಳ ನಡುವೆ ದುಡಿಯುವ ಸಂಶೋಧಕಿಯು ಆ ವಿಷಯವನ್ನು ವೈದ್ಯರಿಗೆ ಮೊದಲ ಭೇಟಿಯಲ್ಲಿಯೇ ತಿಳಿಸಬೇಕು. ಗರ್ಭ ನಿಂತದ್ದು ಖಚಿತವಾದ ಕೂಡಲೇ ಪ್ರಯೋಗಾಲಯದ ಸುರಕ್ಷತೆಯ ಹೊಣೆ ಹೊತ್ತವರಿಗೂ ಹೇಳಬೇಕು. ಸಂಕೋಚದಿಂದ ಮುಚ್ಚಿಟ್ಟು, ಹೊಟ್ಟೆ ಕಾಣಿಸಿದ ಮೇಲೆ ಹೇಳುವಷ್ಟರಲ್ಲಿ ಮುಖ್ಯವಾದ ಮೊದಲ ಮೂರು ತಿಂಗಳು ಕಳೆದುಹೋಗಿರುತ್ತವೆ.

ಅಧ್ಯಾಪಕಿಯರಲ್ಲಿ ಹೆರಿಗೆಯನ್ನು ಬೇಸಗೆಯ ರಜೆಗೆ ಹೊಂದಿಸುವ ಆಸೆ ಸಹಜ. ಆಗಸ್ಟ್‌ನಲ್ಲಿ ಕೊನೆಯ ಮುಟ್ಟಾದರೆ ಮೇ ತಿಂಗಳಲ್ಲಿ ಹೆರಿಗೆ ಎಂಬ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಗರ್ಭ ಪಂಚಾಂಗ ನೋಡಿ ನಿಲ್ಲುವುದಿಲ್ಲ. ನಿಂತರೂ, ತುಂಬಿದ ಬಸುರಿಯ ಕೊನೆಯ ವಾರಗಳು ವಿಜಯವಾಡದ ಉರಿಬಿಸಿಲಿಗೇ ಬೀಳುತ್ತವೆ. ಬೆಜವಾಡವನ್ನು ‘ಬ್ಲೇಜ್‌ವಾಡ’ ಎಂದು ಹಾಸ್ಯ ಮಾಡುವವರು ಸುಮ್ಮನೆ ಮಾಡಿದ್ದಲ್ಲ.

ಗರ್ಭಿಣಿಯ ದಿನಚರಿ

ಬಿಸಿಲಿನ ತಿಂಗಳುಗಳಲ್ಲಿ ನೀರು, ಮಜ್ಜಿಗೆ, ಎಳನೀರು ಧಾರಾಳವಾಗಿರಬೇಕು; ಮೂತ್ರ ಕಡುಹಳದಿಯಾದರೆ ನೀರು ಸಾಲದೆಂದೇ ಅರ್ಥ. ಕಾಲೇಜಿನ ಶೌಚಾಲಯ ಸರಿಯಿಲ್ಲವೆಂದು ನೀರು ಕುಡಿಯದೇ ಇರುವ ಅಧ್ಯಾಪಕಿಯರಿದ್ದಾರೆ. ಮೂತ್ರದ ಸೋಂಕಿಗೆ ಇದು ನೇರ ದಾರಿ. ಒಂದು ಗಂಟೆ ನಿಂತೇ ಪಾಠ ಹೇಳಬೇಕೆಂಬ ನಿಯಮವಿಲ್ಲ. ಕುರ್ಚಿಯಲ್ಲಿ ಕುಳಿತು ಹೇಳಿದ ಪಾಠದಿಂದ ಕಾಲಿನ ಬಾವು ಕಡಿಮೆಯಾಗುತ್ತದೆ. ಪುಂಡಿಸೊಪ್ಪು ಇಲ್ಲಿ ಗೋಂಗೂರವಾಗಿ ನಿತ್ಯವೂ ಸಿಗುತ್ತದೆ, ನುಗ್ಗೆಸೊಪ್ಪೂ ಉಂಟು. ಆದರೆ ರಕ್ತದೊತ್ತಡವಿರುವವರು ಆವಕಾಯದ ಜಾಡಿಯಿಂದ ತುಸು ದೂರವಿರಬೇಕು.

ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆಯೆಂದೇ ಲೆಕ್ಕ. ನಾಲ್ಕನೆಯ ತಿಂಗಳಿನಿಂದ ಕಬ್ಬಿಣದ ಮಾತ್ರೆ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಎಂಬುದು ಸರ್ಕಾರದ ಕ್ರಮ. ಸಕ್ಕರೆಯ ಪರೀಕ್ಷೆ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರಗಳ ನಡುವೆ ಮತ್ತೊಮ್ಮೆ ಆಗಬೇಕು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ.

ಸಿಸೇರಿಯನ್ ಬಗ್ಗೆಯೂ ಒಂದು ಮಾತು. ಅದೇ ಸಮೀಕ್ಷೆಯಂತೆ ಆಂಧ್ರಪ್ರದೇಶದ ಹೆರಿಗೆಗಳಲ್ಲಿ ಶೇಕಡ 42.4 ಸಿಸೇರಿಯನ್; ಇಡೀ ದೇಶದ ಪ್ರಮಾಣ ಶೇಕಡ 21.5. ಅಗತ್ಯವಿದ್ದಾಗ ಅದು ಜೀವ ಉಳಿಸುವ ಚಿಕಿತ್ಸೆ. ಆದರೆ ಸೆಮಿಸ್ಟರ್ ಪರೀಕ್ಷೆಗೋ ಮುಹೂರ್ತಕ್ಕೋ ಹೊಂದಿಕೊಳ್ಳಲೆಂದು ಮಾಡಿಸಬೇಕಾದ ಶಸ್ತ್ರಕ್ರಿಯೆ ಅದಲ್ಲ.

ಪರಸ್ಥಳದ ಗರ್ಭಿಣಿ ಕೆಲವು ತೆಲುಗು ಮಾತುಗಳನ್ನೂ ಕಲಿತಿರಬೇಕು. ‘ನೊಪ್ಪುಲು’ ಎಂದರೆ ಹೆರಿಗೆಯ ನೋವು, ‘ಉಮ್ಮನೀರು’ ಎಂದರೆ ಗರ್ಭದ ನೀರು, ‘ಬಿಡ್ಡ ಕದಲಿಕ’ ಎಂದರೆ ಮಗುವಿನ ಚಲನೆ. ರಾತ್ರಿಯ ಪಾಳಿಯ ದಾದಿಗೆ ಇಂಗ್ಲಿಷು ಬಾರದಿದ್ದರೂ ಈ ಮಾತುಗಳು ಸಾಕು. ರಕ್ತಸ್ರಾವ, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ತೀವ್ರ ತಲೆನೋವಿನೊಡನೆ ಕಣ್ಣು ಮಂಜಾಗುವುದು ಅಥವಾ ಮುಖ ಊದಿಕೊಳ್ಳುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯಬಾರದು.

ತವರಿಗೆ ಹೋಗುವುದಾದರೆ ಬೆಂಗಳೂರಿನ ಕಡೆಯವರಿಗೆ ಪ್ರಶಾಂತಿ ಎಕ್ಸ್‌ಪ್ರೆಸ್, ವಿಜಯವಾಡದಿಂದ ಹುಬ್ಬಳ್ಳಿಯ ಕಡೆಯವರಿಗೆ ಅಮರಾವತಿ ಎಕ್ಸ್‌ಪ್ರೆಸ್ ಇವೆ. ವೈದ್ಯರನ್ನು ಕೇಳಿಯೇ ಹೊರಡಬೇಕು. ತಾಯಿ ಕಾರ್ಡ್, ಸ್ಕ್ಯಾನ್ ವರದಿಗಳು, ರಕ್ತದ ಗುಂಪಿನ ಚೀಟಿ ಕೈಚೀಲದಲ್ಲಿಯೇ ಇರಲಿ. ಹೆರಿಗೆಯಾದ ಊರಿನಲ್ಲಿಯೇ 21 ದಿನಗಳೊಳಗೆ ಜನನ ನೋಂದಣಿ ಮಾಡಿಸುವುದನ್ನು ಮರೆಯಬಾರದು. ಮುಂದೆ ಶಾಲೆಗೂ ಪಾಸ್‌ಪೋರ್ಟಿಗೂ ಆ ಪತ್ರವೇ ಆಧಾರ.

ರಜೆಯ ಲೆಕ್ಕ

1961ರ ಹೆರಿಗೆ ಸೌಲಭ್ಯ ಕಾಯಿದೆ ಮೊದಲು ಕೊಟ್ಟದ್ದು 12 ವಾರಗಳ ರಜೆ. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. ಇದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಅವಧಿಯನ್ನು ಉಳಿಸಿಕೊಂಡಿದೆ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕೆಂಬುದು ಷರತ್ತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುವಿಹಾರದ ಸೌಕರ್ಯವಿರಬೇಕು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 2008ರಿಂದ, ಮಕ್ಕಳು 18 ವರ್ಷದವರಾಗುವವರೆಗೆ, ಒಟ್ಟು 730 ದಿನಗಳ ಶಿಶುಪಾಲನಾ ರಜೆಯೂ ಉಂಟು.

ಗುತ್ತಿಗೆಯ ಅಧ್ಯಾಪಕಿಯರ ಆತಂಕ ಬೇರೆ. ಗುತ್ತಿಗೆಯ ಅವಧಿ ನಡುವೆಯೇ ಮುಗಿದರೆ ಗತಿಯೇನು? 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ, ಅರ್ಹತೆ ಪಡೆದವರಿಗೆ ಹೆರಿಗೆ ಸೌಲಭ್ಯ ಗುತ್ತಿಗೆಯ ಅವಧಿಯಾಚೆಗೂ ಸಲ್ಲಬೇಕೆಂದು ತೀರ್ಪಿತ್ತಿತು. 2025ರ ಮೇ ತಿಂಗಳಲ್ಲಿ ತಮಿಳುನಾಡಿನ ಸರ್ಕಾರಿ ಶಾಲಾ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಹೆರಿಗೆ ರಜೆ ಸ್ತ್ರೀಯ ಸಂತಾನ ಸಂಬಂಧದ ಹಕ್ಕುಗಳ ಭಾಗವೆಂದು ಅದೇ ನ್ಯಾಯಾಲಯ ಹೇಳಿತು.

ಸಂಶೋಧನಾ ವಿದ್ಯಾರ್ಥಿನಿ ನೌಕರಳಲ್ಲ. ಅವಳಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮಗಳೇ ಆಸರೆ. 2016ರ ನಿಯಮಗಳಲ್ಲಿ ಬಂದ 240 ದಿನಗಳವರೆಗಿನ ಹೆರಿಗೆ ಹಾಗೂ ಶಿಶುಪಾಲನಾ ರಜೆ 2022ರ ನಿಯಮಗಳಲ್ಲಿಯೂ ಮುಂದುವರಿದಿದೆ. ಆರು ವರ್ಷಗಳಲ್ಲಿ ಮುಗಿಯದಿದ್ದರೆ ಮರುನೋಂದಣಿಯಿಂದ ಎರಡು ವರ್ಷ, ಮಹಿಳೆಯರಿಗೆ ಅದರ ಮೇಲೆ ಇನ್ನೆರಡು ವರ್ಷ. ಒಟ್ಟು ಹತ್ತು ವರ್ಷ ಮೀರಬಾರದು. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹಾಜರಿಯ ಸಡಿಲಿಕೆ, ಹೆರಿಗೆ ರಜೆ ಕೊಡುವ ನಿಯಮ ಮಾಡಿಕೊಳ್ಳಬೇಕೆಂದು 2021ರ ಡಿಸೆಂಬರ್‌ನಲ್ಲಿ ಆಯೋಗ ವಿಶ್ವವಿದ್ಯಾನಿಲಯಗಳಿಗೆ ಬರೆಯಿತು.

ನಿಯಮ ಇರುವುದು ಬೇರೆ, ಅದು ಕೈಗೆ ಬರುವುದು ಬೇರೆ. ಬಾಯಿಮಾತಿನ “ನೋಡೋಣಮ್ಮಾ” ಎಂಬ ಭರವಸೆಯನ್ನು ಯಾವ ಕಚೇರಿಯೂ ದಾಖಲೆಯೆಂದು ಒಪ್ಪುವುದಿಲ್ಲ. ಅರ್ಜಿ ಲಿಖಿತವಾಗಿರಲಿ, ವೈದ್ಯರ ಪ್ರಮಾಣಪತ್ರ, ನಿಯಮದ ಪ್ರತಿ ಜೊತೆಗಿರಲಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ನಕಲು ಮನೆಯಲ್ಲಿರಲಿ. ಸಂಶೋಧನಾ ವೇತನ ರಜೆಯ ಕಾಲದಲ್ಲಿಯೂ ಬರುವುದೇ ಎಂಬುದನ್ನು ವೇತನ ಕೊಡುವ ಸಂಸ್ಥೆಯಿಂದಲೇ ಬರೆಸಿಕೊಳ್ಳಬೇಕು. ಆರೋಗ್ಯ ವಿಮೆಯಲ್ಲಿ ಹೆರಿಗೆಯ ಖರ್ಚಿಗೆ ಸಾಮಾನ್ಯವಾಗಿ ಕಾಯುವ ಅವಧಿಯಿರುತ್ತದೆ. ಗರ್ಭ ನಿಂತ ಮೇಲೆ ಕೊಂಡ ಪಾಲಿಸಿ ಆ ಹೆರಿಗೆಗೆ ಒದಗುವುದಿಲ್ಲ.

ಬಾಣಂತನ ಮತ್ತು ಮರಳುವ ದಿನ

ಬಾಣಂತಿಗೆ ಅಂಟಿನ ಉಂಡೆ, ಅಳವಿ ಪಾಯಸ, ಮೆಂತ್ಯ ಕೊಡುವ ಪದ್ಧತಿಯಲ್ಲಿ ತೊಂದರೆಯಿಲ್ಲ. ನೀರು ಕಡಿಮೆ ಕೊಡುವುದು, ಸೊಪ್ಪು ಹಣ್ಣು ನಿಷೇಧಿಸುವುದು, ಗಾಳಿಯಾಡದ ಕೋಣೆಯಲ್ಲಿ ಕೆಂಡದ ಹೊಗೆ ತುಂಬುವುದು ಮಾತ್ರ ಬಿಡಬೇಕಾದ ಪದ್ಧತಿಗಳು. ಕರಾವಳಿಯ ಸೆಕೆಯಲ್ಲಂತೂ ಅವು ಅಪಾಯಕರ.

ಆರು ತಿಂಗಳು ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. 26 ವಾರಗಳ ರಜೆಯೆಲ್ಲವನ್ನೂ ಹೆರಿಗೆಯ ನಂತರಕ್ಕೆ ಉಳಿಸಿಕೊಂಡರೆ ಇದು ಕೈಗೂಡುತ್ತದೆ. ಅದಕ್ಕೆ ಮೊದಲೇ ಮರಳಬೇಕಾದವರು ಹಾಲನ್ನು ಹಿಂಡಿ ಶುಚಿಯಾದ ಮುಚ್ಚಳದ ಪಾತ್ರೆಯಲ್ಲಿ ಇಡಬಹುದು. ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಅದು ಕೆಡುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಕೂಡಲೇ ಫ್ರಿಜ್ಜಿಗೆ ಸೇರಿಸುವುದು ಕ್ಷೇಮ.

ಮನಸ್ಸಿನ ವಿಷಯವನ್ನು ಮನೆಯವರು ಬಹುಮಟ್ಟಿಗೆ ಮರೆಯುತ್ತಾರೆ. ಹೆರಿಗೆಯಾದ ಮೊದಲ ವಾರಗಳ ಅಳು ಸಾಮಾನ್ಯವಾದದ್ದು. ಅದು ಎರಡು ವಾರ ದಾಟಿ, ನಿದ್ರೆ ಊಟ ಬಿಟ್ಟು, ಮಗುವಿನ ಮೇಲೂ ಮನಸ್ಸಿಲ್ಲದಂತಾದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯುಂಟು. ದಿನವೂ ಪುಸ್ತಕಗಳ ನಡುವೆ ಹತ್ತು ಜನರೊಡನೆ ಮಾತಾಡುತ್ತಿದ್ದವಳು ಭಾಷೆ ಬಾರದ ಊರಿನ ಬಾಡಿಗೆ ಮನೆಯಲ್ಲಿ ಕೂಸಿನೊಡನೆ ಒಂಟಿಯಾದಾಗ ಈ ಕಾಯಿಲೆಗೆ ಎಡೆ ಸುಲಭ. “ಎಲ್ಲರೂ ಹೆತ್ತಿಲ್ಲವೇ?” ಎಂಬ ಮಾತು ಆಗ ಔಷಧವಾಗುವುದಿಲ್ಲ.

ಮರಳುವಾಗ ಹಳೆಯ ವೇಗ ಕೂಡಲೇ ಬರಬೇಕೆಂದು ಬಯಸಬಾರದು. ಹೊಸ ಪಠ್ಯವನ್ನು ಮೊದಲ ಸೆಮಿಸ್ಟರಿನಲ್ಲಿ ಹೊತ್ತುಕೊಳ್ಳದೆ, ಹಿಂದೆ ಪಾಠ ಮಾಡಿದ್ದನ್ನೇ ಕೇಳಿ ಪಡೆಯಬಹುದು. ಮಹಾಪ್ರಬಂಧದ ಟಿಪ್ಪಣಿ, ಪಟ್ಟಿಗಳ ಕೆಲಸವನ್ನು ಮಗು ಮಲಗಿದ ಅರ್ಧ ಗಂಟೆಗೆ ಮೀಸಲಿಟ್ಟು, ಬರವಣಿಗೆಗೆ ದಿನಕ್ಕೆ ಅಡ್ಡಿಯಿಲ್ಲದ ಎರಡು ಗಂಟೆ ದೊರಕಿಸಿಕೊಳ್ಳಬೇಕು. ಆ ಎರಡು ಗಂಟೆ ತಾನಾಗಿ ಬರುವುದಿಲ್ಲ. ಮನೆಯಲ್ಲಿ ಮತ್ತೊಬ್ಬರು ಅದನ್ನು ಬಿಡಿಸಿಕೊಡಬೇಕು.

ತವರು ದೂರವಿದ್ದಾಗ

ಆ ಮತ್ತೊಬ್ಬರಲ್ಲಿ ಮೊದಲಿಗರು ಪತಿಯೇ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆಯಿದೆ. ಅದನ್ನು ನಾಮಕರಣದ ಓಡಾಟಕ್ಕೆ ಮುಗಿಸದೆ, ಪತ್ನಿ ಕೆಲಸಕ್ಕೆ ಮರಳುವ ವಾರಕ್ಕೆ ಒಂದಿಷ್ಟು ಉಳಿಸಿಕೊಳ್ಳಬಹುದು. ಹುಟ್ಟಿದ ಆರು ತಿಂಗಳೊಳಗೆ ಪಡೆಯಲು ಅವಕಾಶವುಂಟು. ಮಗುವಿಗೆ ಸ್ನಾನ ಮಾಡಿಸುವುದು, ಲಸಿಕೆಯ ತಾರೀಖು ನೆನಪಿಟ್ಟುಕೊಳ್ಳುವುದು ‘ಸಹಾಯ’ವೆಂದು ಎಣಿಸುವವರೆಗೆ ಆ ಕೆಲಸಗಳ ಹೊಣೆ ತಾಯಿಯದಾಗಿಯೇ ಉಳಿಯುತ್ತದೆ.

ಎರಡನೆಯದು ಪರಸ್ಥಳದ ಕನ್ನಡ ಬಳಗ. ರಾಜ್ಯೋತ್ಸವ, ಯುಗಾದಿಗಳನ್ನು ಸಂಭ್ರಮದಿಂದ ಆಚರಿಸುವ ಸಂಘಗಳಿಗೆ ಇದು ಭಾರವಾದ ಕಾರ್ಯವೇನಲ್ಲ. ಯಾವ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ವೈದ್ಯರಿದ್ದಾರೆ, ಯಾವ ಬಡಾವಣೆಯಲ್ಲಿ ನಂಬಬಹುದಾದ ಶಿಶುವಿಹಾರವಿದೆ, ರಾತ್ರಿ ಹೊತ್ತು ವಾಹನ ತರಬಲ್ಲವರು ಯಾರು, ಯಾರ ರಕ್ತದ ಗುಂಪು ಯಾವುದು ಎಂಬ ಒಂದು ಪುಸ್ತಕ ಕಾರ್ಯದರ್ಶಿಯ ಬಳಿ ಇರಬಹುದು. ಬಾಣಂತಿಯಿರುವ ಮನೆಗೆ ಮೊದಲ ಹದಿನೈದು ದಿನ ಸರದಿಯ ಮೇಲೆ ಊಟ ಕಳಿಸಬಹುದು. ನಿವೃತ್ತರಾದ ಹಿರಿಯರೊಬ್ಬರು ವಾರಕ್ಕೆರಡು ಮಧ್ಯಾಹ್ನ ಬಂದು ಮಗುವನ್ನು ಎತ್ತಿಕೊಂಡರೆ ಅವರ ಏಕಾಂತವೂ ಕಳೆಯುತ್ತದೆ, ಮಗುವಿಗೆ ಕನ್ನಡದ ಲಾಲಿಯೂ ಕೇಳುತ್ತದೆ, ತಾಯಿಗೆ ಒಂದು ಅಧ್ಯಾಯ ತಿದ್ದುವಷ್ಟು ಹೊತ್ತೂ ಸಿಗುತ್ತದೆ.

ಧಾರವಾಡದ ತಾಯಿಯನ್ನು ವಾಲ್ಟೇರಿಗೆ ಶಾಶ್ವತವಾಗಿ ಕರೆತರಲಾಗದು. ವಾಲ್ಟೇರಿನ ಪ್ರಯೋಗಾಲಯವನ್ನು ಧಾರವಾಡಕ್ಕೆ ಒಯ್ಯಲೂ ಆಗದು. ತಾಯಿ ಮಾಡುತ್ತಿದ್ದ ಕೆಲಸವನ್ನು ಮಾತ್ರ ಪತಿ, ನೆರೆಹೊರೆ, ಸಂಸ್ಥೆ, ಸಂಘ ಇವು ಹಂಚಿಕೊಳ್ಳಬಹುದು. ಹಾಗೆ ಹಂಚಿಕೊಂಡ ಊರಿನಲ್ಲಿ ಹುಡುಗಿಯೊಬ್ಬಳು ಮಗುವಿಗಾಗಿ ಮಹಾಪ್ರಬಂಧವನ್ನೋ, ಮಹಾಪ್ರಬಂಧಕ್ಕಾಗಿ ಮಗುವನ್ನೋ ಬಿಡಬೇಕಾಗಿ ಬರುವುದಿಲ್ಲ.